ವ್ಯಾಕರಣ ಸರಿ, ಮಾತು ಒರಟು

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು ವಿದೇಶದ ಪ್ರಾಧ್ಯಾಪಕರೊಬ್ಬರಿಗೆ ಬರೆದ ಇಮೇಲನ್ನು ಕಳುಹಿಸುವ ಮೊದಲು ನನಗೆ ತೋರಿಸಿದಳು. 'ಐ ವಾಂಟ್ ಯು ಟು ರೀಡ್ ಮೈ ಪ್ರಪೋಸಲ್ ಆ್ಯಂಡ್ ರಿಪ್ಲೈ ಬೈ ಫ್ರೈಡೇ' ಎಂದು ಅದರಲ್ಲಿತ್ತು. ಕಾಗುಣಿತ, ಕ್ರಿಯಾಪದ, ಪದಗಳ ಕ್ರಮ ಯಾವುದರಲ್ಲೂ ತಪ್ಪಿರಲಿಲ್ಲ. ಆದರೂ ಆ ವಾಕ್ಯ ಅಪ್ಪಣೆಯಂತೆ ಕೇಳಿಸುತ್ತಿತ್ತು. ಆಕೆ ಬಹಳ ವಿನಯದ ಹುಡುಗಿ, ಗೌರವದಿಂದಲೇ ಬರೆದಿದ್ದಳು.

ಮನಸ್ಸಿನಲ್ಲಿ ಮೊದಲು ಬಂದ ಮಾತು ಯಾವುದೆಂದು ಕೇಳಿದಾಗ, 'ತಾವು ಇದನ್ನು ಓದಿ ಶುಕ್ರವಾರದೊಳಗೆ ಉತ್ತರ ಕೊಡಬೇಕು' ಎಂದಳು. ಕನ್ನಡದಲ್ಲಿ ಗೌರವವೆಲ್ಲ 'ತಾವು' ಎಂಬ ಒಂದೇ ಪದದಲ್ಲಿ, ಇಲ್ಲವೇ 'ಕೊಡು' ಎಂಬುದು 'ಕೊಡಿ' ಆಗುವ ಆ ಸಣ್ಣ ಪ್ರತ್ಯಯದಲ್ಲಿ ಅಡಗಿರುತ್ತದೆ. ಇಂದಿನ ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯು'. ಅಲ್ಲಿ ಮರ್ಯಾದೆ ಸೇರಿಕೊಳ್ಳುವುದು 'ಕುಡ್ ಯು', 'ವುಡ್ ಯು ಮೈಂಡ್', 'ಐ ವಾಸ್ ವಂಡರಿಂಗ್ ಇಫ್' ಎಂಬಂಥ ಬಳಸು ಮಾತುಗಳಲ್ಲಿ. ಎದುರಿನವರು ಆಗುವುದಿಲ್ಲವೆನ್ನಲು ದಾರಿ ಬಿಟ್ಟು ಕೇಳುವುದರಲ್ಲಿ. ಅವಳ ಗೌರವ ಅನುವಾದದಲ್ಲಿ ಸೋರಿಹೋಗಿತ್ತು.

ಭಾಷಾವಿಜ್ಞಾನಿ ಜೆನ್ನಿ ಥಾಮಸ್ 1983ರಲ್ಲಿ ಇಂಥ ತಪ್ಪುಗಳ ಬಗ್ಗೆ ಬರೆದ ಲೇಖನದಲ್ಲಿ ಒಂದು ಮುಖ್ಯವಾದ ಮಾತಿದೆ. ವ್ಯಾಕರಣ ತಪ್ಪಿದರೆ ಕೇಳುವವರು 'ಭಾಷೆ ಇನ್ನೂ ಬಂದಿಲ್ಲ' ಎಂದು ಸುಮ್ಮನಾಗುತ್ತಾರೆ, ಆದರೆ ಮಾತಿನ ರೀತಿ ತಪ್ಪಿದರೆ ಆ ವ್ಯಕ್ತಿಯನ್ನೇ ಒರಟನೆಂದು ಭಾವಿಸುತ್ತಾರೆ ಎಂಬುದು ಅದರ ತಾತ್ಪರ್ಯ. ವಿಚಿತ್ರವೆಂದರೆ ಭಾಷೆ ಚೆನ್ನಾಗಿ ಬಂದಷ್ಟೂ ಈ ಅಪಾಯ ಹೆಚ್ಚು, ಏಕೆಂದರೆ ಆಗ ಯಾರೂ ರಿಯಾಯಿತಿ ತೋರಿಸುವುದಿಲ್ಲ.

ಪಠ್ಯಪುಸ್ತಕಗಳಲ್ಲಿ ಸಂಸ್ಕೃತಿ ಎಂದರೆ ಸಾಮಾನ್ಯವಾಗಿ ಪಾಠದ ಕೊನೆಯಲ್ಲಿ ಬರುವ ಒಂದು ಚೌಕಟ್ಟು: ಹಬ್ಬ, ಊಟ, ಪ್ರಸಿದ್ಧ ಕಟ್ಟಡ. ಅದು ಬೇಡವೆಂದು ನಾನು ಹೇಳುವುದಿಲ್ಲ, ಆದರೆ ಅಷ್ಟಕ್ಕೇ ನಿಲ್ಲಿಸುವುದು ತಪ್ಪು. ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು, ಯಾರೊಡನೆ ಹೇಗೆ ಎಂಬ ತಿಳಿವಳಿಕೆಯೂ ಭಾಷಾಜ್ಞಾನದ ಭಾಗವೇ ಎಂದು ಅಮೆರಿಕದ ಭಾಷಾವಿಜ್ಞಾನಿ ಡೆಲ್ ಹೈಮ್ಸ್ ವಾದಿಸಿ ಅರ್ಧ ಶತಮಾನ ಕಳೆದಿದೆ.

ಹಾಗಾದರೆ ಕಲಿಸಬೇಕಾದದ್ದು ಯಾರ ಸಂಸ್ಕೃತಿಯನ್ನು? ಬ್ರಿಟಿಷರ 'ಫಸ್ಟ್ ಫ್ಲೋರ್' ನೆಲಮಹಡಿಯ ಮೇಲಿನದು, ಅಮೆರಿಕನ್ನರದು ಸಾಮಾನ್ಯವಾಗಿ ನೆಲಮಹಡಿಯೇ. 'ಕ್ವೈಟ್ ಗುಡ್' ಎಂಬುದು ಅಮೆರಿಕನ್ನರ ಬಾಯಲ್ಲಿ ಒಳ್ಳೆಯ ಹೊಗಳಿಕೆ, ಬ್ರಿಟಿಷರ ಬಾಯಲ್ಲಿ ಎಷ್ಟೋ ಸಲ 'ಪರವಾಗಿಲ್ಲ' ಎಂಬಷ್ಟೇ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತ ಇಬ್ಬರು ಮಾತಾಡುವಾಗಲಂತೂ ಆ ಎರಡೂ ದೇಶಗಳು ಅಲ್ಲಿರುವುದಿಲ್ಲ. ಕಲಿಯುವವರು ಮೂಲಭಾಷಿಕರ ಪಡಿಯಚ್ಚಾಗಬೇಕಿಲ್ಲ, ಎರಡು ಸಂಸ್ಕೃತಿಗಳ ನಡುವೆ ನಿಂತು ಅರ್ಥ ಮಾಡಿಕೊಳ್ಳಬಲ್ಲವರಾಗಬೇಕು ಎಂಬ ಭಾಷಾಶಿಕ್ಷಣದ ವಿದ್ವಾಂಸ ಮೈಕೆಲ್ ಬೈರಮ್ ಅವರ ನಿಲುವು ನನಗೆ ಸರಿಯೆನಿಸುವುದು ಈ ಕಾರಣಕ್ಕೆ.

ಆದ್ದರಿಂದ ನಾನೀಗ ವಿದ್ಯಾರ್ಥಿಗಳಿಂದ ಒಂದೇ ಕೋರಿಕೆಯನ್ನು ಗೆಳೆಯನಿಗೆ, ಅಪರಿಚಿತರಿಗೆ, ಮೇಲಧಿಕಾರಿಗೆ ಬೇರೆ ಬೇರೆಯಾಗಿ ಬರೆಯಿಸುತ್ತೇನೆ. ಯಾವ ಪದ ಬದಲಾಯಿತು, ಏಕೆ ಬದಲಾಯಿತು ಎಂಬುದನ್ನು ಅವರ ಬಾಯಿಂದಲೇ ಹೇಳಿಸುತ್ತೇನೆ. ಇದಕ್ಕೆ ಸಮಯ ಹಿಡಿಯುತ್ತದೆ, ಹಿಡಿಯಲಿ.

ಆ ವಿದ್ಯಾರ್ಥಿನಿ ಇಮೇಲನ್ನು ಮೂರು ಸಲ ತಿದ್ದಿದಳು. 'ಐ ವುಡ್ ಬಿ ಗ್ರೇಟ್‌ಫುಲ್ ಇಫ್' ಎಂದು ಆರಂಭಿಸಿ, ಶುಕ್ರವಾರದ ಪಕ್ಕದಲ್ಲಿ 'ಇಫ್ ಪಾಸಿಬಲ್' ಸೇರಿಸಿದಳು. ಬಳಿಕ ತಲೆಯೆತ್ತಿ, "ಇಷ್ಟು ಬಳಸಿ ಕೇಳಿದರೆ ನನಗೆ ಧೈರ್ಯವಿಲ್ಲ ಅಂದುಕೊಳ್ಳುವುದಿಲ್ಲವೇ, ಸರ್?" ಎಂದಳು. ಮರುದಿನದ ತರಗತಿ ಪೂರ್ತಿ ಆ ಪ್ರಶ್ನೆಗೇ ಹೋಯಿತು.