ಗದ್ದೆ ಮೀನಿನ ಹಸಿವು

ಸಂಕ್ರಾಂತಿಗೆ ಇನ್ನೆರಡು ದಿನ ಇತ್ತು. ಜನವರಿ 12, 2025ರ ಭಾನುವಾರ ನೀಲ ನಮ್ಮ ಬೆಂಗಳೂರಿನ ಮನೆಗೆ ಬಂದ. ಅವನನ್ನು ತಂದದ್ದು ಅಕ್ವೇರಿಯಂ ಅಂಗಡಿಯಿಂದ. ಅಲ್ಲಿನ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದ ಪ್ಲಾಸ್ಟಿಕ್ ಲೋಟಗಳಲ್ಲಿ ಒಂದೊಂದರಲ್ಲೂ ಒಂದೊಂದು ಬೆಟ್ಟಾ, ಅಂದರೆ ಎಲ್ಲರೂ ಫೈಟರ್ ಫಿಶ್ ಅನ್ನುವ ಮೀನು. ಪಕ್ಕದವನು ಕಂಡರೆ ಕೆರಳುತ್ತಾನೆಂದು ಲೋಟಗಳ ನಡುವೆ ರಟ್ಟಿನ ತುಂಡು. ಮಗಳು ಬಗ್ಗಿ ಬಗ್ಗಿ ಎಲ್ಲವನ್ನೂ ನೋಡಿ, ಮೈ ಪೂರ್ತಿ ಶಾಯಿ ನೀಲಿ, ರೆಕ್ಕೆಯ ಅಂಚಿಗೆ ಮಾತ್ರ ಕೆಂಪು ಇದ್ದವನನ್ನು ಆರಿಸಿದಳು. "ನಿನ್ನೆ ರಾತ್ರಿ ಚೆನ್ನೈನಿಂದ ಬಂದ ಮಾಲು ಮೇಡಂ. ದಿನಕ್ಕೆ ಮೂರ್ನಾಲ್ಕು ಕಾಳು ಹಾಕಿ ಸಾಕು" ಅಂದರು ಅಂಗಡಿಯವರು.

ಹದಿನೈದು ಲೀಟರಿನ ಗಾಜಿನ ತೊಟ್ಟಿಗೆ ಹಿಂದಿನ ದಿನವೇ ನೀರು ತುಂಬಿಸಿ, ಆ್ಯಂಟಿ ಕ್ಲೋರಿನ್ ಹನಿ ಹಾಕಿ ಇಟ್ಟಿದ್ದೆವು. ಲೋಟವನ್ನು ಅದರಲ್ಲಿ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಸೇರಿಸಿ, ಅರ್ಧ ಗಂಟೆ ಬಿಟ್ಟು ಅವನನ್ನು ಇಳಿಸಿದೆವು. ಇಳಿದವನೇ ತಳಕ್ಕೆ ಹೋಗಿ ಮೂಲೆ ಹಿಡಿದು ಕೂತ. ಮಗಳು ಮೊದಲ ಕಾಳನ್ನು ತಾನೇ ಹಾಕಬೇಕೆಂದು ಹಟ ಹಿಡಿದಿದ್ದಳು. ಸಾಸಿವೆಗಿಂತ ಸಣ್ಣ ಕಾಳು, ಮೇಲೆ ತೇಲುತ್ತಾ ನಿಂತಿತು. ನೀಲ ನೋಡಲೂ ಇಲ್ಲ.

ಸೋಮವಾರ ಬೆಳಿಗ್ಗೆ ಒಂದು ಸಲ ಮೇಲೆ ಬಂದ. ನಮ್ಮ ಉಸಿರು ನಿಂತ ಹಾಗಾಯಿತು. ಕಾಳನ್ನು ಬಾಯಿಗೆ ತೆಗೆದುಕೊಂಡ, ಎರಡು ಸಲ ಅಗಿದ ಹಾಗೆ ಮಾಡಿದ, ಥೂ ಎಂದು ಉಗಿದ. ಮತ್ತೆ ತೆಗೆದುಕೊಂಡ, ಮತ್ತೆ ಉಗಿದ. ತಳಕ್ಕೆ ಹೋದ.

ಮಂಗಳವಾರ ಹಬ್ಬ. ಮನೆ ತುಂಬ ಜನ, ಕಬ್ಬಿನ ಸಿಪ್ಪೆ, ಎಳ್ಳು ಬೆಲ್ಲದ ಪೊಟ್ಟಣಗಳು, ಒಲೆಯ ಮೇಲೆ ಸಿಹಿ ಪೊಂಗಲು, ಅವರೆಕಾಳಿನ ಸಾರು. ಬಂದವರೆಲ್ಲ ತೊಟ್ಟಿಯ ಮುಂದೆ ನಿಂತು "ಚೆನ್ನಾಗಿದೆ" ಅಂದರು. ಮಗಳು ಮಾತ್ರ ಎಲೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದಳು. "ಅಮ್ಮ, ಅವನು ಮೂರು ದಿನದಿಂದ ಏನೂ ತಿಂದಿಲ್ಲ" ಅಂದಳು. ಹಬ್ಬದ ದಿನ ಮನೆಯಲ್ಲಿ ಒಂದು ಜೀವ ಉಪವಾಸ ಇದೆ ಅನ್ನುವುದು ನನಗೂ ಗಂಟಲಲ್ಲಿ ಸಿಕ್ಕಿಕೊಂಡಿತು.

ಆಗ ನಾನು ಮಾಡಿದ್ದು ತಪ್ಪು. ಒಂದು ಕಾಳು ತಿನ್ನದಿದ್ದರೆ ನಾಲ್ಕು ಹಾಕಿದೆ, ನಾಲ್ಕು ತಿನ್ನದಿದ್ದರೆ ಬೇರೆ ಡಬ್ಬಿಯದ್ದು ತಂದು ಹಾಕಿದೆ. ಬುಧವಾರ ಬೆಳಿಗ್ಗೆ ನೋಡಿದರೆ ತಳದ ಕಲ್ಲುಗಳ ಸಂದಿಯಲ್ಲಿ ಕಾಳುಗಳು ಊದಿಕೊಂಡು, ಮೇಲೆ ಬಿಳಿ ಹತ್ತಿಯಂಥ ಬೂಷ್ಟು ಕಟ್ಟಿತ್ತು. ಕೊಳೆತ ಆಹಾರದಿಂದ ನೀರಿನಲ್ಲಿ ಅಮೋನಿಯಾ ಏರುತ್ತದೆ, ಮೀನಿಗೆ ಅದು ವಿಷ. ಇಂಕ್ ಫಿಲ್ಲರ್ ಹಿಡಿದು ಒಂದೊಂದೇ ಕಾಳನ್ನು ಹೀರಿ ತೆಗೆದೆ. ಕಾಲು ಭಾಗ ನೀರು ಬದಲಿಸಿದೆ. ಕೈ ನಡುಗುತ್ತಿತ್ತು, ಯಾಕೆಂದರೆ ಫಿಲ್ಲರ್ ಪಕ್ಕಕ್ಕೇ ಬಂದರೂ ಅವನು ಸರಿಯಲಿಲ್ಲ. ರೆಕ್ಕೆಗಳು ಮಡಚಿದ ಕೊಡೆಯ ಹಾಗೆ ಮೈಗೆ ಅಂಟಿಕೊಂಡಿದ್ದವು.

ಹಬ್ಬಕ್ಕೆ ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ನಮ್ಮ ಅತ್ತೆ ಅಲ್ಲಿವರೆಗೆ ಸುಮ್ಮನೆ ನೋಡುತ್ತಿದ್ದರು. ಗಾಜಿನ ತೊಟ್ಟಿಯ ಮೀನಿನ ಬಗ್ಗೆ ತನಗೇನು ಗೊತ್ತು ಅಂತ ಇರಬೇಕು. ಅವತ್ತು ಕೇಳಿದರು, "ಇದು ಎಲ್ಲಿ ಮೀನು ಮಾರಾಯ್ತಿ? ಹೊಳೇದಾ, ಕೆರೇದಾ?"

ಮಗಳು ಓದಿಟ್ಟುಕೊಂಡಿದ್ದಳು. ಥಾಯ್ಲೆಂಡಿನದು, ಅಲ್ಲಿ ಇದಕ್ಕೆ ಪ್ಲಾ ಕಾಟ್ ಅಂತಾರೆ, ಕಚ್ಚುವ ಮೀನು ಅಂತ ಅರ್ಥ, 2019ರಲ್ಲಿ ಅವರ ದೇಶದ ರಾಷ್ಟ್ರೀಯ ಜಲಚರ ಅಂತ ಘೋಷಿಸಿದ್ದಾರೆ, ಇರೋದು ಭತ್ತದ ಗದ್ದೆ, ಜೌಗು, ನಿಂತ ನೀರಿನಲ್ಲಿ ಅಂತ ಒಂದೇ ಉಸಿರಿಗೆ ಹೇಳಿದಳು.

"ಗದ್ದೆ ಮೀನಾ!" ಅಂದರು ಅತ್ತೆ. ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತರು. ಅಷ್ಟರಲ್ಲಿ ನೀಲ ನಿಧಾನಕ್ಕೆ ಮೇಲೆ ಬಂದು, ನೀರಿನಾಚೆ ಬಾಯಿ ಹಾಕಿ ಒಂದು ಗುಕ್ಕು ಗಾಳಿ ತೆಗೆದುಕೊಂಡು ಇಳಿದ. "ಕಂಡ್ಯಾ? ನಮ್ಮ ಕೊರವ ಮೀನೂ ಹಿಂಗೇ ಮಾಡ್ತದೆ. ಕೆಸರಲ್ಲಿದ್ರೂ ಬದುಕ್ತದೆ ಅದು." ಅವರು ಹೇಳಿದ್ದು ಸರಿ. ಬೆಟ್ಟಾಕ್ಕೆ ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಇನ್ನೊಂದು ಅಂಗ ತಲೆಯೊಳಗಿದೆ, ಕೊರವಕ್ಕೂ ಅಂಥದ್ದೇ ಏರ್ಪಾಡು ಇದೆ. ಆಮೇಲೆ ಅತ್ತೆ ಸೆರಗು ಸರಿಸಿ ತೊಟ್ಟಿಗೆ ಕೈ ಅದ್ದಿದರು, ತಟ್ಟನೆ ತೆಗೆದರು. "ಐಸಿನ ಹಂಗಿದೆಯಲ್ಲೇ! ಗದ್ದೆ ನೀರು ಮಧ್ಯಾಹ್ನ ಮುಟ್ಟಿದ್ರೆ ಬೆಚ್ಚಗಿರ್ತದೆ. ಇಷ್ಟು ಥಂಡೀಲಿ ಅದಕ್ಕೆ ಎಲ್ಲಿಂದ ಹಸಿವಾಗ್ಬೇಕು?"

ಬೆಳಿಗ್ಗೆಯೇ ಅದೇ ತೊಟ್ಟಿಗೆ ಕೈ ಹಾಕಿ ಕಾಳು ಹೆಕ್ಕಿದವಳು ನಾನು. ನೀರು ತಣ್ಣಗಿದೆ ಎಂದು ಗೊತ್ತಾಗಿತ್ತು, ಜನವರಿ ಅಲ್ಲವಾ ಅಂದುಕೊಂಡಿದ್ದೆ, ಅಷ್ಟೆ. ಸಂಜೆ ಥರ್ಮಾಮೀಟರ್ ತಂದು ಇಳಿಬಿಟ್ಟರೆ 21 ಡಿಗ್ರಿ. ಬೆಟ್ಟಾಕ್ಕೆ ಬೇಕಿರುವುದು 25ರಿಂದ 27. ಮೀನಿನ ಮೈ ಬಿಸಿ ಅಂದರೆ ಸುತ್ತಲಿನ ನೀರಿನ ಬಿಸಿಯೇ. ನೀರು ತಣ್ಣಗಾದರೆ ಒಳಗಿನ ಜೀರ್ಣದ ಕೆಲಸವೂ ನಿಧಾನವಾಗುತ್ತದೆ, ಹಸಿವು ಸಾಯುತ್ತದೆ. ನಾವು ಹೊಟ್ಟೆ ಬಾಗಿಲು ಮುಚ್ಚಿಕೊಂಡವನ ಮುಂದೆ ಊಟ ಬಡಿಸುತ್ತಾ ಇದ್ದೆವು.

25 ವಾಟಿನ ಹೀಟರ್ ತಂದೆವು. ಒಮ್ಮೆಲೇ ಬಿಸಿ ಮಾಡಿದರೆ ಅದೇ ಇನ್ನೊಂದು ಪೆಟ್ಟು, ಆದ್ದರಿಂದ ಒಂದೊಂದೇ ಡಿಗ್ರಿ ಏರಿಸಿ ಶುಕ್ರವಾರ ಬೆಳಿಗ್ಗೆಗೆ 26ಕ್ಕೆ ತಂದು ನಿಲ್ಲಿಸಿದೆವು. ನೀರಿಗೂ ಮುಚ್ಚಳಕ್ಕೂ ನಡುವೆ ಎರಡು ಇಂಚು ಬಿಟ್ಟೆವು, ಅವನು ಎಳೆದುಕೊಳ್ಳುವ ಗಾಳಿಯೂ ಬೆಚ್ಚಗಿರಲಿ ಎಂದು. ಗಾಜಿನಲ್ಲಿ ತನ್ನದೇ ಬಿಂಬ ಕಂಡು ಬೆದರದಿರಲಿ ಎಂದು ಮೂರು ಕಡೆ ನ್ಯೂಸ್ ಪೇಪರ್ ಅಂಟಿಸಿದೆವು. ನಮ್ಮ ಬೀದಿಯ ಕೊನೆಯಲ್ಲಿ ಕೊಡೆಯಂತೆ ಹರಡಿದ ಬಾದಾಮಿ ಮರ ಇದೆ. ಜನವರಿಯಲ್ಲಿ ಅದರ ಅಗಲ ಎಲೆಗಳು ಕೆಂಪಾಗಿ ಉದುರುತ್ತವೆ. ಬೆಟ್ಟಾ ಸಾಕುವವರು ಆ ಒಣ ಎಲೆಯನ್ನು ದುಡ್ಡು ಕೊಟ್ಟು ತರಿಸುತ್ತಾರೆ ಎಂದು ತಿಳಿದಾಗ ಮಗಳು ಓಡಿಹೋಗಿ ಒಂದು ಮಡಿಲು ತಂದಳು. ತೊಳೆದು, ಪೂರ್ತಿ ಒಣಗಿಸಿ ಒಂದನ್ನು ಬಿಟ್ಟೆವು. ಮಾರನೆಯ ದಿನಕ್ಕೆ ನೀರು ತಿಳಿ ಟೀ ಬಣ್ಣಕ್ಕೆ ತಿರುಗಿತ್ತು, ನೀಲ ಎಲೆಯ ನೆರಳಿಗೆ ಬಂದು ನಿಂತಿದ್ದ. ರೆಕ್ಕೆ ಅರ್ಧ ಬಿಚ್ಚಿತ್ತು. ಕಾಳು ಮಾತ್ರ ಇನ್ನೂ ಬೇಡ.

"ಗದ್ದೇಲಿ ಅದಕ್ಕೆ ಕಾಳು ಯಾರು ಹಾಕ್ತಾರೆ? ಹುಳ ಹಾಕು" ಅಂದರು ಅತ್ತೆ.

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಗೋಡೆಗೆ ಹೊಡೆಯುವ ಕ್ಯೂರಿಂಗ್ ನೀರನ್ನು ಡ್ರಮ್ಮಿನಲ್ಲಿ ತುಂಬಿಡುತ್ತಾರೆ. ಶನಿವಾರ ಬೆಳಿಗ್ಗೆ ಮೇಸ್ತ್ರಿಯನ್ನು ಕೇಳಿ ಬಗ್ಗಿ ನೋಡಿದೆ. ಸೊಳ್ಳೆ ಮರಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು, ನೆರಳು ಬಿದ್ದ ಕೂಡಲೇ ಮೈ ಕೊಂಕಿಸಿ ಕೊಂಕಿಸಿ ಕೆಳಗಿಳಿದವು. ಹಳೇ ಟೀ ಜರಡಿಯಲ್ಲಿ ಇಪ್ಪತ್ತರಷ್ಟು ಹಿಡಿದು, ಶುದ್ಧ ನೀರಿನಲ್ಲಿ ಎರಡು ಸಲ ಜಾಲಿಸಿದೆ. ಬರುವ ಮೊದಲು ಮೇಸ್ತ್ರಿಗೆ ಹೇಳಿ ಡ್ರಮ್ಮನ್ನು ಅವರ ಮರಳಿನ ಮೇಲೆ ಬೋರಲು ಹಾಕಿಸಿದೆ. 2024ರ ಡೆಂಗಿಯಲ್ಲಿ ನಮ್ಮ ಬೀದಿಯಲ್ಲೇ ಇಬ್ಬರು ಆಸ್ಪತ್ರೆ ಸೇರಿದ್ದರು. ನಿಂತ ನೀರಿನಲ್ಲಿ ಒಂದು ವಾರ ಹತ್ತು ದಿನ ಬಿಟ್ಟರೆ ಮರಿ ಸೊಳ್ಳೆಯಾಗಿ ಹಾರುತ್ತದೆ. ಕೆರೆ ತೊಟ್ಟಿಗಳಿಗೆ ಆರೋಗ್ಯ ಇಲಾಖೆಯವರು ಗಪ್ಪಿ ಮೀನು ಬಿಡುವುದೂ ಇವನ್ನು ತಿನ್ನಲೆಂದೇ.

ಫಿಲ್ಲರಿನಲ್ಲಿ ಒಂದೇ ಒಂದು ಮರಿ ಎಳೆದುಕೊಂಡು ಎಲೆಯ ಪಕ್ಕಕ್ಕೆ ಬಿಟ್ಟೆ. ಅದು ಬಾಗಿತು, ನೆಟ್ಟಗಾಯಿತು, ಬಾಗಿತು. ನೀಲನ ಮೈ ಅಲುಗಲಿಲ್ಲ. ಮೊದಲು ಕಣ್ಣು ತಿರುಗಿತು, ಒಂದು ಕಣ್ಣು ಮಾತ್ರ, ಮರಿ ಹೋದ ಕಡೆಗೆ. ಕೆನ್ನೆಯ ಪಕ್ಕದ ಸಣ್ಣ ರೆಕ್ಕೆಗಳು ಬೀಸಣಿಗೆಯ ಹಾಗೆ ಬೇಗ ಬೇಗ ಆಡತೊಡಗಿದವು. ಮೈ ಬಿಲ್ಲಿನಂತೆ ಸ್ವಲ್ಪ ಬಾಗಿತು. ಮುಂದಿನದು ಕಾಣಲೇ ಇಲ್ಲ. ನೀರಿನಲ್ಲಿ ಒಂದು ಸಣ್ಣ ಟಪ್, ಮರಿ ಇಲ್ಲ. ಅವನ ಬಾಯಿ ಎರಡು ಸಲ ಆಡಿತು. ನಾವು ಮೂವರೂ ಅವನು ಉಗಿಯುತ್ತಾನಾ ಎಂದು ಕಾದೆವು. ಉಗಿಯಲಿಲ್ಲ. ಮಗಳು ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು.

ಅವತ್ತು ಐದು ಮರಿ ಕೊಟ್ಟೆವು. ಆರು ದಿನ ಖಾಲಿ ಇದ್ದ ಹೊಟ್ಟೆ, ಒಮ್ಮೆಗೇ ತುಂಬಿಸಬಾರದು. ಮೂರು ದಿನ ಹಾಗೇ ನಡೆಸಿ, ಆಮೇಲೆ ಕಾಳನ್ನು ಉಗುರಲ್ಲಿ ಅರ್ಧ ಮಾಡಿ, ಮರಿಗಳಿದ್ದ ನೀರಿನಲ್ಲಿ ನೆನೆಸಿ, ಮರಿ ಕೊಟ್ಟ ಬೆನ್ನಿಗೇ ಹಾಕಿದೆವು. ಹುಳವೆಂದೇ ನುಗ್ಗಿ ಬಂದು ಹಿಡಿದ. ಒಂದು ಸಲ ಉಗಿದ, ಮತ್ತೆ ತೆಗೆದುಕೊಂಡ, ನುಂಗಿದ. ಈಗ ಬೆಳಿಗ್ಗೆ ಮೂರು, ಸಂಜೆ ಎರಡು. ಶನಿವಾರ ಅವನಿಗೆ ಏನೂ ಹಾಕುವುದಿಲ್ಲ, ಹೊಟ್ಟೆ ಉಬ್ಬರ ಬಾರದಿರಲೆಂದು. ಅತ್ತೆಗೆ ಈ ಏರ್ಪಾಟು ಬಹಳ ಹಿಡಿಸಿದೆ, ಅವರದ್ದೂ ಶನಿವಾರ ಒಪ್ಪತ್ತು.

ಅವರು ಊರಿಗೆ ಹೋಗಿ ತಿಂಗಳಾಯಿತು. ರಾತ್ರಿ ಎಂಟಕ್ಕೆ ಫೋನ್ ಬರುತ್ತದೆ. ಮಗನ ವಿಚಾರ, ಮೊಮ್ಮಗಳ ಓದು, ನನ್ನ ಮಂಡಿ ನೋವು ಎಲ್ಲ ಆಮೇಲೆ.

"ತಿಂತಾ?"

"ತಿಂದ ಅತ್ತೆ. ಎರಡೂ ಕಾಳು."