ಟರ್ಬೊ ಕೊಳ್ಳುವ ಮೊದಲು ಎಂಜಿನ್ ಅಳೆಯಬೇಕು

ಬೆಳಗಾವಿಯ ಉದ್ಯಮಬಾಗದಲ್ಲಿ ಎಂಜಿನ್ ರಿಪೇರಿ ಮತ್ತು ಮಶೀನಿಂಗ್ ಕೆಲಸ ಮಾಡುವ ನಮ್ಮ ಶೆಡ್ಡಿಗೆ, ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಟರ್ಬೊ ಕೂಡಿಸಿಕೊಡಿ ಎಂದು ಬರುವ ಹೊಸಬರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಅದರ ಮೊದಲ ಸಾಲಿನಲ್ಲಿ ಟರ್ಬೊ, ಎರಡನೆಯದರಲ್ಲಿ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಮೂರನೆಯದರಲ್ಲಿ ಎಕ್ಸಿಲರೇಟರ್ ಬಿಟ್ಟಾಗ ಒತ್ತಿದ ಗಾಳಿಯನ್ನು ಸದ್ದಿನೊಂದಿಗೆ ಹೊರಬಿಡುವ ಬ್ಲೋ-ಆಫ್ ವಾಲ್ವ್ ಇರುತ್ತವೆ. ಇಂಧನ, ಇಗ್ನಿಶನ್, ಆಯಿಲ್ ಮತ್ತು ಬ್ರೇಕ್ ಇವೆಲ್ಲ ಹಣ ಉಳಿದರೆ ನೋಡೋಣ ಎಂಬಂತೆ ಕೊನೆಯಲ್ಲಿ ಬಂದಿರುತ್ತವೆ. ಎಂಜಿನ್ ಕೇಳುವ ಕ್ರಮ ಇದಕ್ಕೆ ಪೂರ್ತಿ ತಿರುವುಮುರುವು ಎಂಬುದು ಈ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ. ಈಚೆಗೆ ಬಂದ ಒಂದು ಕಾರಿನ ಉದಾಹರಣೆಯಿಂದಲೇ ಅದನ್ನು ವಿವರಿಸುತ್ತೇನೆ.

ಆ ಕಾರು ಸ್ಯಾನ್ ಸ್ಟಾರ್ಮ್. 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ತಯಾರಾಗತೊಡಗಿದ, ಎರಡೇ ಸೀಟಿನ, ಫೈಬರ್ ಬಾಡಿಯ ಈ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿರುವುದು ರೆನೋ ಕಂಪನಿಯ 1149 ಸಿಸಿ ಎಂಜಿನ್. ಅದರ ಶಕ್ತಿ ಸುಮಾರು 60 ಅಶ್ವಶಕ್ತಿ. ಹಳೆಯ ಕಾರೊಂದನ್ನು ಕೊಂಡು ತಂದಿದ್ದ ಹುಡುಗ ಈಗಷ್ಟೇ ಇಂಜಿನಿಯರಿಂಗ್ ಮುಗಿಸಿದವನು. ಕಾರಿನ ಮೇಲೆ ಅವನಿಗಿದ್ದ ಪ್ರೀತಿ ಅದನ್ನು ಒರೆಸಿಟ್ಟ ರೀತಿಯಲ್ಲೇ ಕಾಣುತ್ತಿತ್ತು. ಅವನ ಮೊದಲ ಪ್ರಶ್ನೆ ಎಲ್ಲರದೇ ಆಗಿತ್ತು: "ಸರ್, ಒಂದ್ ಬಾರ್ ಬೂಸ್ಟ್ ಕೊಟ್ರ ಪಾವರ್ ಡಬಲ್ ಆಗತೈತಲ್ರಿ?"

ಬೂಸ್ಟ್ ಎಂದರೆ ಹೊರಗಿನ ಗಾಳಿಯ ಒತ್ತಡದ ಮೇಲೆ ಟರ್ಬೊ ಸೇರಿಸುವ ಒತ್ತಡ, ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದ ಗಾಳಿಯ ಒತ್ತಡದಷ್ಟು. ಲೆಕ್ಕ ಕಾಗದದ ಮೇಲೆ ತಪ್ಪಲ್ಲ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆಯಿಂದ ಟರ್ಬೈನ್ ತಿರುಗುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಕಂಪ್ರೆಸರ್ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ, ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲ್ ಸೇರಿದರೆ ಹೆಚ್ಚು ಶಕ್ತಿ ಬರುತ್ತದೆ. ಆದರೆ ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ ಎಂಬುದನ್ನು ಈ ಲೆಕ್ಕ ಹಿಡಿಯುವುದಿಲ್ಲ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡ ಹೆಚ್ಚುಕಡಿಮೆ 0.92 ಬಾರ್. ಅದರ ಮೇಲೆ ಒಂದು ಬಾರ್ ಬೂಸ್ಟ್ ಎಂದರೆ ಗಾಳಿಯನ್ನು ಎರಡು ಪಟ್ಟಿಗಿಂತ ಹೆಚ್ಚು ಒತ್ತಿದಂತೆ. ಬೇಸಿಗೆಯ 35 ಡಿಗ್ರಿಯ ಗಾಳಿ ಸಾಧಾರಣ ಟರ್ಬೊದಿಂದ ಹೊರಬರುವಾಗ 140 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೂಸ್ಟನ್ನು 0.35 ಬಾರಿಗೆ ಇಳಿಸಿದರೆ ಅದೇ ಗಾಳಿ 80 ಡಿಗ್ರಿಯ ಹತ್ತಿರ ನಿಲ್ಲುತ್ತದೆ, ಅದನ್ನು ಇಂಟರ್‌ಕೂಲರ್ ನಿಭಾಯಿಸುತ್ತದೆ.

ಬಿಸಿ ಗಾಳಿಯ ಅಪಾಯವೆಂದರೆ ನಾಕಿಂಗ್. ಸ್ಪಾರ್ಕ್ ಹೊತ್ತಿಸಿದ ಬೆಂಕಿ ಸಿಲಿಂಡರಿನ ಮೂಲೆಗೆ ಮುಟ್ಟುವ ಮೊದಲೇ ಅಲ್ಲಿನ ಮಿಶ್ರಣ ತಾನಾಗಿ ಸಿಡಿಯುತ್ತದೆ. ಆ ಹೊಡೆತಕ್ಕೆ ಪಿಸ್ಟನ್ನಿನ ರಿಂಗುಗಳ ನಡುವಿನ ದಂಡೆ ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಟರ್ಬೊ ಕಾರುಗಳು ಮಾರುಕಟ್ಟೆಗೆ ಬಂದ ಮೊದಲ ವರ್ಷದಲ್ಲೇ ಈ ತೊಂದರೆ ಎದುರಾಗಿತ್ತು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿ 10.25ಕ್ಕೆ 1ರ ಕಂಪ್ರೆಶನ್ ಇದ್ದ, ಅಂದರೆ ಮಿಶ್ರಣವನ್ನು ಸುಮಾರು ಹತ್ತರಲ್ಲೊಂದು ಪಾಲು ಜಾಗಕ್ಕೆ ಒತ್ತುವ ಎಂಜಿನ್ನಿಗೆ ಟರ್ಬೊ ಕೂಡಿಸಿ, ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಮಿಶ್ರಣವನ್ನು ಪ್ರತ್ಯೇಕ ಟ್ಯಾಂಕಿನಿಂದ ಸಿಂಪಡಿಸುವ ವ್ಯವಸ್ಥೆ ಮಾಡಿದ್ದರು. ಅನೇಕ ಮಾಲೀಕರು ಆ ಟ್ಯಾಂಕ್ ತುಂಬಿಸುತ್ತಿರಲಿಲ್ಲ. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ತೆಗೆದು ಸಾಮಾನ್ಯ ಕಾರ್ಬ್ಯುರೇಟರ್ ಹಾಕಿಕೊಡಬೇಕಾಯಿತು. ಅಷ್ಟು ದೊಡ್ಡ ಕಂಪನಿ ಎಡವಿದ ಜಾಗದಲ್ಲಿ ನಾವು ಅವಸರ ಮಾಡಬಾರದು ಎಂದು ನಾನು ಹುಡುಗರಿಗೆ ಮತ್ತೆ ಮತ್ತೆ ಹೇಳುತ್ತೇನೆ.

ಆದ್ದರಿಂದ ಅವನಿಗೆ ನಾನು ಹೇಳಿದ್ದು ಇಷ್ಟೇ: "ತಮ್ಮಾ, ಟರ್ಬೊ ಮಾತ ಆಮ್ಯಾಲ. ಮೊದಲ ಕಂಪ್ರೆಶನ್ ನೋಡೂಣು."

ಪಿಸ್ಟನ್ ಮೇಲೇರಿದಾಗ ಪ್ರತಿ ಸಿಲಿಂಡರಿನಲ್ಲಿ ಎಷ್ಟು ಒತ್ತಡ ಹುಟ್ಟುತ್ತದೆ ಎಂದು ಅಳೆಯುವುದೇ ಈ ಪರೀಕ್ಷೆ. ಎಂಜಿನ್ನನ್ನು ಓಡುವ ಬಿಸಿಗೆ ತಂದು, ನಾಲ್ಕೂ ಪ್ಲಗ್ ಬಿಚ್ಚಿ, ಫ್ಯುಯೆಲ್ ಪಂಪಿನ ಫ್ಯೂಸ್ ಮತ್ತು ಕಾಯಿಲ್ ಸಂಪರ್ಕ ತೆಗೆದು, ಪ್ಲಗ್ ತೂತಿಗೆ ಒತ್ತಡದ ಗೇಜ್ ಕೂಡಿಸಿ, ಎಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆಯಬೇಕು. ಗೇಜಿನ ಮುಳ್ಳು ಏರುವುದು ನಿಲ್ಲುವವರೆಗೆ ಬಿಡಬಾರದು. ಮೂರು ಸಿಲಿಂಡರುಗಳಲ್ಲಿ ಮುಳ್ಳು 165ರಿಂದ 170 ಪಿಎಸ್‌ಐ ತೋರಿಸಿತು, ಮೂರನೆಯ ನಂಬರಿನದು ಮಾತ್ರ 125ಕ್ಕೆ ನಿಂತಿತು. ಆ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದೆವು. ರಿಂಗ್ ಸವೆದಿದ್ದರೆ ಆಯಿಲ್ ಸಂದಿ ಮುಚ್ಚಿ ಒತ್ತಡ ಏರಬೇಕಿತ್ತು. ಮುಳ್ಳು ಅಲ್ಲಿಂದ ಹೆಚ್ಚು ಕದಲಲಿಲ್ಲ. ಅನಂತರ ಆ ಪಿಸ್ಟನ್ನನ್ನು ಎರಡೂ ವಾಲ್ವ್ ಮುಚ್ಚಿರುವ ಮೇಲಿನ ಸ್ಥಾನಕ್ಕೆ ತಂದು, ಕ್ರ್ಯಾಂಕ್ ತಿರುಗದಂತೆ ಹಿಡಿದು, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಕೊಟ್ಟು, ಸೈಲೆನ್ಸರ್ ಬಾಯಿಗೆ ಕಿವಿಯಿಡಲು ಹುಡುಗನಿಗೇ ಹೇಳಿದೆ. ಬುಸ್ಸೆಂಬ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು, ಎಂದರೆ ಹೊಗೆ ಹೊರಬಿಡುವ ಎಗ್ಝಾಸ್ಟ್ ವಾಲ್ವಿನಿಂದ ಗಾಳಿ ಸೋರುತ್ತಿತ್ತು. ಹೆಡ್ ಇಳಿಸಿದಾಗ ಎಗ್ಝಾಸ್ಟ್ ವಾಲ್ವಿನ ಅಂಚಿನಲ್ಲಿ ಉಗುರಿನ ತುದಿಯಷ್ಟು ಜಾಗ ಸುಟ್ಟು ಕಚ್ಚಾಗಿತ್ತು, ಆ ವಾಲ್ವ್ ಕೂರುವ ಸೀಟಿನ ಮೇಲೂ ಅದೇ ಜಾಗದಲ್ಲಿ ಕಪ್ಪು ಗೆರೆ ಬಿದ್ದಿತ್ತು.

ಸುಮ್ಮನೆ ಓಡಿಸಿದರೆ ಈ ಎಂಜಿನ್ ಇನ್ನೂ ಕೆಲಕಾಲ ದೂರು ಹೇಳದೆ ಓಡುತ್ತಿತ್ತು. ಟರ್ಬೊ ಕೂಡಿಸಿದ್ದರೆ ಹೆಚ್ಚಿದ ಬಿಸಿಗೆ ಆ ಕಚ್ಚು ಬೇಗನೆ ಬೆಳೆದು ವಾಲ್ವಿನ ತುಂಡು ಕಿತ್ತುಬರುವ ಸಾಧ್ಯತೆ ಇತ್ತು, ಮತ್ತು ಆ ತುಂಡು ನೇರವಾಗಿ ಹೋಗಿ ಬಡಿಯುವುದು ಟರ್ಬೈನಿಗೇ. ಆಗ ಎಲ್ಲರೂ ದೂರುತ್ತಿದ್ದುದು ಟರ್ಬೊವನ್ನು. ಹೊಸ ವಾಲ್ವ್ ತರಿಸಿ, ಸೀಟ್ ಕತ್ತರಿಸಿ, ಸುತ್ತಲೂ ಒಂದೇ ಅಗಲದ ಬೂದುಬಣ್ಣದ ಉಂಗುರ ಮೂಡುವವರೆಗೆ ಪೇಸ್ಟ್ ಹಾಕಿ ಎರಡನ್ನೂ ಒಂದಕ್ಕೊಂದು ತಿಕ್ಕಿ ಲ್ಯಾಪ್ ಮಾಡಿದೆವು. ಈ ಕೆಲಸದ ಬಹುಭಾಗವನ್ನು ಹುಡುಗ ತನ್ನ ಕೈಯಾರೆ ಮಾಡಿದ ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಇಂಧನದ ಲೆಕ್ಕವನ್ನೂ ಅವನೇ ಹಾಕಿದ. 0.35 ಬಾರ್ ಬೂಸ್ಟಿನಲ್ಲಿ 80 ಅಶ್ವಶಕ್ತಿ ಗುರಿ ಇಟ್ಟರೆ, ಟರ್ಬೊ ಎಂಜಿನ್ನಿಗೆ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಹಿಡಿಯಬೇಕು. ಒಟ್ಟು ಗಂಟೆಗೆ 29 ಲೀಟರ್. ಅದನ್ನು ಪೆಟ್ರೋಲ್ ಸಿಂಪಡಿಸುವ ನಾಲ್ಕು ಇಂಜೆಕ್ಟರುಗಳಿಗೆ ಹಂಚಿ, ಯಾವ ಇಂಜೆಕ್ಟರೂ ನೂರಕ್ಕೆ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಎಂದು ಲೆಕ್ಕ ಹಿಡಿದರೆ, ಪ್ರತಿಯೊಂದೂ ನಿಮಿಷಕ್ಕೆ 150 ಸಿಸಿ ಸುರಿಯುವಂತಿರಬೇಕು. ಇಂಜೆಕ್ಟರ್ ದೊಡ್ಡದಾದರೆ ಸಾಲದು. ಬೂಸ್ಟಿನಲ್ಲಿ ಮಿಶ್ರಣವನ್ನು, ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬಲ್ಲಿಂದ 12ರ ಹತ್ತಿರಕ್ಕೆ ದಟ್ಟಮಾಡುವ, ಸ್ಪಾರ್ಕನ್ನು ತುಸು ತಡವಾಗಿ ಕೊಡುವ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬೇಕು, ಮಿಶ್ರಣವನ್ನು ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ನನ್ನ ಅಭಿಪ್ರಾಯದಲ್ಲಿ ಮೊದಲ ಹಣ ಹೋಗಬೇಕಾದುದು ಈ ಸೆನ್ಸರಿಗೆ. ಟರ್ಬೊ ಇಲ್ಲದಾಗಲೂ ಅದು ಎಂಜಿನ್ನಿನ ನಿಜಸ್ಥಿತಿ ಹೇಳುತ್ತದೆ.

ಟರ್ಬೊ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಗುಜರಿಯಲ್ಲಿ ಸಿಗುವ ಸಣ್ಣ ಡೀಸೆಲ್ ಕಾರುಗಳ ಟರ್ಬೊ ಅಗ್ಗ, ಅಳತೆಯೂ ಹೊಂದಬಹುದು. ಆದರೆ ಪೆಟ್ರೋಲ್ ಎಂಜಿನ್ನಿನ ಹೊಗೆ ಡೀಸೆಲ್‌ಗಿಂತ ಹೆಚ್ಚು ಬಿಸಿಯಾಗಿದ್ದು, 900 ಡಿಗ್ರಿಯನ್ನೂ ಮುಟ್ಟುತ್ತದೆ, ಡೀಸೆಲ್ ಟರ್ಬೊದ ಲೋಹ ಅದಕ್ಕೆಂದು ಆಯ್ದದ್ದಲ್ಲ. ಹಳೆಯ ಟರ್ಬೊ ನೋಡುವಾಗ ಕಂಪ್ರೆಸರ್ ಚಕ್ರದ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿ: ಅಡ್ಡಕ್ಕೆ ತುಸು ಆಟ ಇರುವುದು ಸಹಜ, ಹಿಂದೆ ಮುಂದೆ ಎಳೆದಾಗ ಕೈಗೆ ತಿಳಿಯುವಷ್ಟು ಆಟ ಸಿಕ್ಕರೆ ಥ್ರಸ್ಟ್ ಬೇರಿಂಗ್ ಮುಗಿದಿದೆ ಎಂದರ್ಥ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಆ ಶಾಫ್ಟ್ ಆಯಿಲಿನ ತೆಳುಪದರದ ಮೇಲೆ ನಿಂತಿರುತ್ತದೆ. ವಾಪಸ್ ಬರುವ ಆಯಿಲ್ ತನ್ನ ಭಾರದಿಂದಲೇ ಇಳಿಯುವುದರಿಂದ ಡ್ರೇನ್ ಪೈಪ್ ದಪ್ಪವಾಗಿ, ಎಲ್ಲೂ ಮೇಲಕ್ಕೆ ಬಾಗದೆ, ಎಂಜಿನ್ ತಳದ ಆಯಿಲ್ ಸಂಪಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು.

ಸಿಲಿಂಡರುಗಳ ಹೊಗೆಯನ್ನು ಟರ್ಬೊಗೆ ಒಯ್ಯುವ ಮ್ಯಾನಿಫೋಲ್ಡ್ ವಿಷಯದಲ್ಲಿ ನಮ್ಮ ಊರು ಅದೃಷ್ಟವಂತ. ತೆಳು ಸ್ಟೀಲ್ ಪೈಪುಗಳನ್ನು ವೆಲ್ಡ್ ಮಾಡಿದರೆ ಬಿಸಿಗೆ ಹಿಗ್ಗಿ ಕುಗ್ಗಿ, ಟರ್ಬೊದ ಭಾರಕ್ಕೆ ಜೋಡಣೆಯ ಜಾಗದಲ್ಲಿ ಬಿರುಕು ಬಿಡುತ್ತವೆ. ಇಲ್ಲಿ ಎರಕದ ಅಚ್ಚಿಗೆ ಪ್ಯಾಟರ್ನ್ (ಮಾದರಿ) ಮಾಡುವವರೂ ಫೌಂಡ್ರಿಗಳೂ ಹತ್ತಿರದಲ್ಲೇ ಇರುವುದರಿಂದ, ಸಿಲಿಕಾನ್ ಮತ್ತು ಮಾಲಿಬ್ಡಿನಮ್ ಹೆಚ್ಚಿರುವ, ಬಿಸಿ ತಾಳುವ ಎರಕದ ಕಬ್ಬಿಣವಾದ ಎಸ್‌ಜಿ ಐರನ್ನಿನಲ್ಲಿ ಒಂದು ಮ್ಯಾನಿಫೋಲ್ಡ್ ಎರಕ ಹೊಯ್ಯಿಸುವ ಯೋಚನೆ ಮಾಡಿದ್ದೇವೆ. ಕಾರ್ಖಾನೆಯ ಟರ್ಬೊ ಎಂಜಿನ್ನುಗಳಲ್ಲೂ ಈ ಬಗೆಯ ಲೋಹ ಬಳಕೆಯಲ್ಲಿದೆ.

ಕಾನೂನಿನ ಮಾತನ್ನೂ ನಾವು ಮೊದಲೇ ಆಡುತ್ತೇವೆ. ಕಂಪನಿ ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಹೇಳುತ್ತದೆ, ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಆರ್‌ಟಿಓ ಕಚೇರಿಯಿಂದ ಬರಹದಲ್ಲಿ ಅನುಮತಿ ಸಿಗದ ಹೊರತು ಟರ್ಬೊ ಕೂಡಿಸಿದ ಕಾರನ್ನು ರಸ್ತೆಗೆ ಬಿಡಲು ನಾವು ಒಪ್ಪುವುದಿಲ್ಲ. ಅನುಮತಿ ದೊರೆಯದಿದ್ದರೆ ಅದನ್ನು ಲಾರಿಯ ಮೇಲೆ ಕೊಯಮತ್ತೂರಿನ ರೇಸ್ ಟ್ರ್ಯಾಕ್ ಆದ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ದು ಓಡಿಸಲು ಹುಡುಗ ಒಪ್ಪಿದ್ದಾನೆ.

ಸದ್ಯ ಕಾರು ಟರ್ಬೊ ಇಲ್ಲದೆಯೇ ಓಡುತ್ತಿದೆ, ನಾಲ್ಕೂ ಸಿಲಿಂಡರುಗಳ ಕಂಪ್ರೆಶನ್ ಸಮನಾಗಿದೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಹತ್ತಿ ಬಂದು, ಕೂಲಂಟಿನ ಉಷ್ಣತೆ ಎಲ್ಲಿ ಎಷ್ಟು ಏರಿತು, ಬ್ರೇಕ್ ಪೆಡಲ್ ಎಲ್ಲಿ ಮೆತ್ತಗಾಯಿತು ಎಂದು ಹುಡುಗ ವಹಿಯಲ್ಲಿ ಬರೆದು ತಂದಿದ್ದಾನೆ. ಇಳಿಜಾರಿನ ಕೊನೆಯಲ್ಲಿ ಬ್ರೇಕ್ ಸೋಲುತ್ತಿರುವುದು ಅದರಿಂದ ಗೊತ್ತಾಗಿರುವುದರಿಂದ, ಅವನ ಹೊಸ ಪಟ್ಟಿಯಲ್ಲಿ ಡಿಸ್ಕ್, ಪ್ಯಾಡ್ ಮತ್ತು ಬ್ರೇಕ್ ಆಯಿಲ್ ಮೊದಲ ಸಾಲಿಗೆ ಬಂದಿವೆ, ವೈಡ್‌ಬ್ಯಾಂಡ್ ಸೆನ್ಸರ್ ಎರಡನೆಯದಕ್ಕೆ.