ಪಾರ್ಶ್ವವಾಯುವಿನ ನಂತರ ಉಳಿಯುವ ದಣಿವು

ಪಾರ್ಶ್ವವಾಯು ಹೊಡೆದವರ ಚೇತರಿಕೆಯನ್ನು ನಮ್ಮಲ್ಲಿ ಕೈಕಾಲುಗಳಿಂದಲೇ ಅಳೆಯುತ್ತಾರೆ. ಕೈ ಎತ್ತಲು ಬಂತೇ, ಕೋಲಿಲ್ಲದೆ ನಡೆದರೇ, ಮಾತು ಸ್ಪಷ್ಟವಾಯಿತೇ ಎಂದು ಕೇಳಿ, ಮೂರಕ್ಕೂ ಹೌದೆಂಬ ಉತ್ತರ ಸಿಕ್ಕರೆ ಕಾಯಿಲೆ ವಾಸಿಯಾಯಿತೆಂದೇ ಭಾವಿಸುತ್ತಾರೆ. ನನ್ನ ತಂದೆಯವರ ವಿಷಯದಲ್ಲಿ ಮೂರಕ್ಕೂ ಉತ್ತರ ಹೌದು. ಆದರೂ ಬೆಳಿಗ್ಗೆ ಸ್ನಾನ ಮುಗಿಸಿ ಬಂದವರು ಅಂಗಿಯ ಒಂದೆರಡು ಗುಂಡಿ ಹಾಕಿಕೊಂಡು, ಉಳಿದವನ್ನು ಹಾಗೆಯೇ ಬಿಟ್ಟು, ಮಂಚದ ಅಂಚಿನಲ್ಲಿ ಕಣ್ಣು ಮುಚ್ಚಿ ಕುಳಿತುಬಿಡುತ್ತಿದ್ದರು. ಅವರ ಬೆರಳುಗಳಿಗೆ ಗುಂಡಿ ಹಾಕಲು ಬರುತ್ತಿತ್ತು, ಆದರೆ ಅಷ್ಟರಲ್ಲೇ ಅವರ ತ್ರಾಣ ಮುಗಿದಿರುತ್ತಿತ್ತು.

ಪಾರ್ಶ್ವವಾಯುವಿನಿಂದ ಬದುಕುಳಿದವರಲ್ಲಿ ಸರಿಸುಮಾರು ಅರ್ಧದಷ್ಟು ಜನರನ್ನು ಈ ದಣಿವು ಕಾಡುತ್ತದೆ. ಮಿದುಳಿಗೆ ಆದ ಹಾನಿ ಚಿಕ್ಕದಾಗಿದ್ದವರಿಗೂ ಇದು ಬರಬಹುದು, ಬಂದರೆ ವರ್ಷಗಟ್ಟಲೆ ಉಳಿಯಲೂಬಹುದು. ಸಾಮಾನ್ಯ ಸುಸ್ತು ಒಂದು ರಾತ್ರಿಯ ನಿದ್ದೆಗೆ ಇಳಿಯುತ್ತದೆ. ಇದು ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೂ ಇರುತ್ತದೆ. ಖಿನ್ನತೆ ಇದರ ಜೊತೆಗೂಡುವುದುಂಟು, ಆದರೆ ಖಿನ್ನತೆಯಿಲ್ಲದವರಲ್ಲೂ ಈ ದಣಿವು ಕಾಣುವುದರಿಂದ ಎರಡನ್ನೂ ಒಂದೇ ಎಂದು ತಿಳಿಯಬಾರದು.

ತಂದೆಯವರನ್ನು ನಡಿಗೆಗಿಂತ ಹೆಚ್ಚು ಬಳಲಿಸುವುದು ಗಮನ ಬೇಡುವ ಸಂಗತಿಗಳು. ಒಬ್ಬರೊಡನೆ ನೆಮ್ಮದಿಯಿಂದ ಮಾತನಾಡುವವರು, ನೋಡಲು ಬಂದ ನೆಂಟರೆಲ್ಲ ಒಟ್ಟಿಗೆ ಮಾತಿಗಿಳಿದು ಪಕ್ಕದಲ್ಲಿ ಟಿವಿಯೂ ನಡೆಯುತ್ತಿದ್ದರೆ, ಮರುದಿನ ಮಧ್ಯಾಹ್ನದವರೆಗೂ ಹಾಸಿಗೆ ಬಿಟ್ಟು ಏಳಲಾರರು. ಆಗ ಅದೇ ನೆಂಟರು, ‘ಈಗ ಆರಾಮಾಗಿದ್ದೀರಲ್ಲ, ಮಲಗಿ ಮಲಗಿ ಮೈ ಜಡ್ಡಾಗುತ್ತದೆ, ಎದ್ದು ಓಡಾಡಿ’ ಎನ್ನುತ್ತಾರೆ. ಬದುಕಿಡೀ ಕೋಳಿ ಕೂಗುವ ಹೊತ್ತಿಗೆ ಎದ್ದು ತೋಟಕ್ಕೆ ಹೋದವರಿಗೆ ಈ ಮಾತು ಎಷ್ಟು ನೋವು ಕೊಡುತ್ತದೆಂಬುದನ್ನು ನಾನು ಅವರ ಮುಖದಲ್ಲಿ ಕಂಡಿದ್ದೇನೆ.

ಈ ದಣಿವಿಗೆಂದೇ ಖಚಿತವಾಗಿ ಕೆಲಸ ಮಾಡುವ ಮಾತ್ರೆ ಇನ್ನೂ ಇಲ್ಲ. ಹಾಗೆಂದು ವೈದ್ಯರಿಗೆ ಹೇಳದೆ ಸುಮ್ಮನಿರುವುದು ಸರಿಯಲ್ಲ, ಏಕೆಂದರೆ ರಕ್ತಹೀನತೆ, ಥೈರಾಯ್ಡ್ ಕೊರತೆ, ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ, ಬಿಪಿಗೋ ಫಿಟ್ಸ್‌ಗೋ ಕೊಟ್ಟ ಕೆಲವು ಔಷಧಿಗಳು ಇದನ್ನು ಹೆಚ್ಚಿಸುತ್ತಿರಬಹುದು, ಮತ್ತು ಇವುಗಳಿಗೆಲ್ಲ ಪರಿಹಾರವಿದೆ. ಔಷಧಿಯನ್ನು ನಾವಾಗಿಯೇ ನಿಲ್ಲಿಸುವುದು ಮಾತ್ರ ಅಪಾಯ. ದಣಿವನ್ನು ಅಳೆಯಲು 1989ರಿಂದಲೂ ‘ಫಟೀಗ್ ಸಿವಿಯಾರಿಟಿ ಸ್ಕೇಲ್’ ಎಂಬ 9 ಹೇಳಿಕೆಗಳ ಪಟ್ಟಿಯಿದೆ. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ ಕೊಟ್ಟರಾಯಿತು. ಬಿಪಿ ನೋಡುವ ಪ್ರತಿ ಭೇಟಿಯಲ್ಲೂ ಇದನ್ನು ಕೇಳಲಿ ಎಂಬುದು ನನ್ನ ಆಸೆ.

ಮನೆಯಲ್ಲಿ ಈಗ ಫಿಸಿಯೋಥೆರಪಿಯನ್ನು ಅವರಿಗೆ ಚೈತನ್ಯವಿರುವ ಬೆಳಗಿನ ಹೊತ್ತಿಗೆ ಇಟ್ಟುಕೊಂಡಿದ್ದೇವೆ, ಸ್ನಾನವನ್ನು ಸಂಜೆಗೆ ತಂದಿದ್ದೇವೆ. ನೋಡಲು ಬರುವವರು ಮೊದಲೇ ಫೋನ್ ಮಾಡಿ, ಒಬ್ಬಿಬ್ಬರಾಗಿ ಬರಬೇಕೆಂದು ಕೇಳಿಕೊಳ್ಳುತ್ತೇವೆ. ಕೆಲವರಿಗೆ ಇದರಿಂದ ಬೇಸರವಾಗಿದೆ ಎಂದು ಗೊತ್ತು, ಆದರೂ ಕೇಳುವುದನ್ನು ಬಿಟ್ಟಿಲ್ಲ.